ಗಿರ್ಕಿಗೂ ಬಿಚ್ಚದ ಹುಕ್ಕು

ಸ್ಕೇಟಿಂಗ್ ಉಡುಪಿನ ಬಗ್ಗೆ ಬಂದ ಪತ್ರಗಳನ್ನೆಲ್ಲ ಈ ಸಲ ಒಟ್ಟಿಗೇ ಎತ್ತಿಕೊಂಡಿದ್ದೇನೆ. ಟಿವಿಯಲ್ಲಿ ಮಂಜುಗಡ್ಡೆಯ ಮೇಲೆ ತೇಲುವವರನ್ನು ನೋಡಿದ ಮಂಗಳೂರಿನ ಮಕ್ಕಳು ಇಲ್ಲಿ ಚಕ್ರದ ಮೇಲೆ ಅದನ್ನೇ ಮಾಡುತ್ತಾರೆ. ಅದಕ್ಕೆ ಆರ್ಟಿಸ್ಟಿಕ್ ರೋಲರ್ ಸ್ಕೇಟಿಂಗ್ ಎಂದು ಹೆಸರು. ಜಂಪು, ಸ್ಪಿನ್ನು, ಹಾಡು, ಅಂಕ ಎಲ್ಲ ಹತ್ತಿರಹತ್ತಿರ ಒಂದೇ. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅನೂಪ್ ಕುಮಾರ್ ಯಾಮ ಸಿಂಗಲ್ಸ್‌ನಲ್ಲೂ, ಅವನಿ ಪಂಚಾಲ್ ಜೊತೆ ಪೇರ್ಸ್‌ನಲ್ಲೂ ಕಂಚು ತಂದದ್ದು ಇದೇ ಆಟದಲ್ಲಿ. ಉಡುಪಿನ ತಲೆನೋವಂತೂ ಎರಡೂ ಕಡೆ ಒಂದೇ.

ನನ್ನ ಮಗಳಿಗೆ ಒಂಬತ್ತು ವರ್ಷ. ಸ್ಪರ್ಧೆಗೆ ಗಿಡ್ಡ ಸ್ಕರ್ಟ್ ಹೊಲಿಸಬೇಕು ಅಂತ ಉಳಿದ ಅಮ್ಮಂದಿರು ಹೇಳುತ್ತಾರೆ. ಮನೆಯಲ್ಲಿ ಅತ್ತೆ ಸುತರಾಂ ಒಪ್ಪುವುದಿಲ್ಲ. ಗಿಡ್ಡ ಸ್ಕರ್ಟ್ ಕಡ್ಡಾಯವೇ? — ಒಬ್ಬ ತಾಯಿ, ಬಿಜೈ

ಅಲ್ಲ. ಅತ್ತೆಗೆ ಈ ಉತ್ತರವನ್ನು ಗಟ್ಟಿಯಾಗಿ ಓದಿ ಹೇಳಿ, ಯಾಕೆಂದರೆ ಕಥೆ ಅವರಿಗೂ ಇಷ್ಟವಾಗಬಹುದು.

1902ರಲ್ಲಿ ಲಂಡನ್ನಿನಲ್ಲಿ ಮಂಜಿನ ಮೇಲಿನ ಸ್ಕೇಟಿಂಗಿನ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಮ್ಯಾಜ್ ಸೈಯರ್ಸ್ ಎಂಬ ಹೆಂಗಸು ಅರ್ಜಿ ಹಾಕಿದರು. ಗಂಡಸರಿಗೆ ಮಾತ್ರ ಅಂತ ನಿಯಮದಲ್ಲಿ ಎಲ್ಲೂ ಬರೆದಿರಲಿಲ್ಲ, ಬರೆಯಬೇಕು ಅಂತ ಯಾರಿಗೂ ಹೊಳೆದಿರಲೇ ಇಲ್ಲ! ಅವರು ಗಂಡಸರ ನಡುವೆ ಎರಡನೆಯವರಾಗಿ ಬಂದರು. ಮರುವರ್ಷವೇ ಅಂತಾರಾಷ್ಟ್ರೀಯ ಒಕ್ಕೂಟ ಹೆಂಗಸರನ್ನು ಹೊರಗಿಟ್ಟಿತು. ಕೊಟ್ಟ ಕಾರಣಗಳಲ್ಲಿ ಒಂದು, ಉದ್ದ ಲಂಗದಿಂದಾಗಿ ತೀರ್ಪುಗಾರರಿಗೆ ಪಾದ ಕಾಣುವುದಿಲ್ಲ ಎಂಬುದು. ಸೈಯರ್ಸ್ ಲಂಗವನ್ನು ಮೀನಖಂಡದವರೆಗೆ ಏರಿಸಿದರು. 1908ರಲ್ಲಿ ಹೆಂಗಸರಿಗೆಂದೇ ಒಲಿಂಪಿಕ್ ಸ್ಪರ್ಧೆ ಬಂದಾಗ ಚಿನ್ನ ಗೆದ್ದವರೂ ಅವರೇ. ಸ್ಕರ್ಟ್ ಗಿಡ್ಡವಾಗಲು ಶುರುವಾದದ್ದು ಕಾಲಿನ ಕೆಲಸ ಕಾಣಲಿ ಅಂತ. ಆಮೇಲೆ ನಾರ್ವೆಯ ಸೋನ್ಯಾ ಹೆನಿ ಬಂದಳು. 1924ರ ಶಾಮೋನಿ ಒಲಿಂಪಿಕ್ಸ್‌ಗೆ ಹೋದಾಗ ಅವಳಿಗೆ ಬರೀ ಹನ್ನೊಂದು ವರ್ಷ, ಮಗುವಿಗೆ ಮಗುವಿನ ಗಿಡ್ಡ ಫ್ರಾಕು. ಮುಂದೆ 1928, 1932, 1936 ಮೂರೂ ಒಲಿಂಪಿಕ್ಸ್‌ನ ಚಿನ್ನ ಅವಳದೇ ಆದಾಗ ಆ ಫ್ರಾಕು ದೊಡ್ಡವರ ಫ್ಯಾಷನ್ ಆಯಿತು. ಬಿಳಿ ಶೂ ಕೂಡ ಅವಳಿಂದಲೇ ಜನಪ್ರಿಯವಾದದ್ದು.

1988ರ ಕ್ಯಾಲ್ಗರಿ ಒಲಿಂಪಿಕ್ಸ್‌ನಲ್ಲಿ ಪೂರ್ವ ಜರ್ಮನಿಯ ಕತರೀನಾ ವಿಟ್ ಗರಿ ಅಂಚಿನ ನೀಲಿ ಉಡುಪು ತೊಟ್ಟು ಬಂದರು. ಸೊಂಟದ ಕೆಳಗೆ ಸ್ಕರ್ಟ್ ಅನ್ನುವಂಥದ್ದು ಇರಲಿಲ್ಲ, ಗರಿ ಮಾತ್ರ. ದೊಡ್ಡ ಗಲಾಟೆಯಾಯಿತು. ಹಿಂಭಾಗ ಮುಚ್ಚುವ ಸ್ಕರ್ಟ್ ಇರಲೇಬೇಕು ಎಂಬ ನಿಯಮ ಬಂತು, ಜನ ಅದನ್ನು ಕತರೀನಾ ರೂಲ್ ಎಂದೇ ಕರೆದರು. ಅದರಿಂದ ಪ್ಯಾಂಟು ಹಾಕಬೇಕೆಂದವರಿಗೂ ಬಾಗಿಲು ಮುಚ್ಚಿತು. 2004ರಲ್ಲಿ ಆ ನಿಯಮ ಹೋಯಿತು. ಈಗ ಮಂಜಿನ ಮೇಲೆ ಹೆಣ್ಣುಮಕ್ಕಳು ಕಾಲು ಪೂರ್ತಿ ಮುಚ್ಚುವ ಉಡುಪಿನಲ್ಲೂ ಸ್ಪರ್ಧಿಸಬಹುದು. ಚಕ್ರದ ಆಟದಲ್ಲೂ ನಿಯಮ ಕೇಳುವುದು ಸೊಂಟ ಮತ್ತು ಹಿಂಭಾಗ ಸರಿಯಾಗಿ ಮುಚ್ಚಿರಲಿ, ಉಡುಪು ಯಾರಿಗೂ ಮುಜುಗರ ತರದಿರಲಿ ಅಂತ. ಕಾಲಿಗೆ ಪೂರ್ತಿ ಲೆಗ್ಗಿಂಗ್ಸ್, ಮೇಲೊಂದು ತೆಳು ಸ್ಕರ್ಟ್ ಹಾಕಿಸಿದರೆ ಯಾರ ಅಂಕವೂ ಕಡಿಮೆಯಾಗುವುದಿಲ್ಲ. ಚಕ್ರದ ಆಟದಲ್ಲಿ ನೆಲದ ಮೇಲೆ ಬಿದ್ದರೆ ಮೊಣಕಾಲು ತರಚುವುದೂ ತಪ್ಪುತ್ತದೆ.

ಆದರೆ ಮಗಳನ್ನೂ ಒಂದು ಮಾತು ಕೇಳಿ. ಜಂಪು ಮುಗಿದ ಕೂಡಲೇ ಸ್ಕರ್ಟಿನ ಅಂಚು ಎಳೆದುಕೊಳ್ಳುವ ಮಕ್ಕಳನ್ನು ನಾನು ಪ್ರತಿ ಸ್ಪರ್ಧೆಯಲ್ಲೂ ನೋಡುತ್ತೇನೆ. ಆ ಎಳೆಯುವ ಕೈ ತೀರ್ಪುಗಾರರಿಗೂ ಕಾಣುತ್ತದೆ. ಇನ್ನು ಅವಳು ಫಿಗರ್ಸ್ ವಿಭಾಗದಲ್ಲಿ, ಅಂದರೆ ನೆಲದಲ್ಲಿ ಬರೆದ ವೃತ್ತದ ಗೆರೆಯ ಮೇಲೆ ಹೋಗುವ ವಿಭಾಗದಲ್ಲಿ ಇದ್ದರೆ, ಸಾದಾ ಉಡುಪು ಸಾಕು. ಮಂಜಿನವರು 1990ರಲ್ಲಿ ಬಿಟ್ಟುಬಿಟ್ಟ ಈ ಫಿಗರ್ಸನ್ನು ಚಕ್ರದವರು ಇನ್ನೂ ಉಳಿಸಿಕೊಂಡಿದ್ದಾರೆ. ಅಲ್ಲಿ ಎಲ್ಲರ ಕಣ್ಣು ಚಕ್ರದ ಮೇಲೆ, ಚಮಕಿ ನೋಡುವವರಿಲ್ಲ.

ನಾನು ಇಪ್ಪತ್ತು ವರ್ಷದಿಂದ ಭರತನಾಟ್ಯದ ಡ್ರೆಸ್ ಹೊಲಿಯುವವ. ಈಗ ಸ್ಕೇಟಿಂಗ್ ಡ್ರೆಸ್ಸಿಗೂ ಆರ್ಡರ್ ಬಂದಿದೆ. ಹೇಗೂ ಡ್ಯಾನ್ಸ್ ಡ್ರೆಸ್ಸೇ ಅಲ್ಲವಾ, ಅಳತೆ ತೆಗೆದು ಹೊಲಿದರಾಯಿತು ಅಂತ ಉಂಟು. ಬೇರೆ ಏನಾದರೂ ನೋಡಬೇಕಾ? — ಟೈಲರ್, ರಥಬೀದಿ

ನೋಡಬೇಕು ಮಾರಾಯ್ರೆ, ಕತ್ತರಿ ಹಾಕುವ ಮೊದಲೇ ನೋಡಬೇಕು.

ಭರತನಾಟ್ಯದಲ್ಲಿ ನೀವು ಹೊಲಿಯುವುದು ರೇಷ್ಮೆ, ಎಳೆದರೆ ಬಾರದ ಬಟ್ಟೆ. ನರ್ತಕಿಯ ಬೆನ್ನು ಬಹುಪಾಲು ನೆಟ್ಟಗಿರುತ್ತದೆ, ನೆರಿಗೆಯ ಬೀಸಣಿಗೆ ಅರೆಮಂಡಿಯಲ್ಲಿ ಬಿಚ್ಚಿಕೊಳ್ಳುತ್ತದೆ, ಹಿಂದಿನ ಹುಕ್ಕಿಗೆ ಹೇಳಿಕೊಳ್ಳುವಂಥ ಕಷ್ಟವಿಲ್ಲ. ಸ್ಕೇಟಿಂಗಿನಲ್ಲಿ ಹುಡುಗಿ ಬೆನ್ನನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಗ್ಗಿಸಿ ಸುತ್ತುತ್ತಾಳೆ, ಮರುಕ್ಷಣ ಒಂದು ಕಾಲಿನ ಮೇಲೆ ಕುಕ್ಕರಿಸಿ ಸುತ್ತುತ್ತಾಳೆ, ಆಗಾಗ ಬೀಳುತ್ತಾಳೆ. ಬಟ್ಟೆ ನಾಲ್ಕೂ ದಿಕ್ಕಿಗೆ ಹಿಗ್ಗಬೇಕು. ಅಂಗಡಿಯಲ್ಲಿ ಲೈಕ್ರಾ ಎಂದು ಕೊಡುವುದು ಎಷ್ಟೋ ಸಲ ಅಡ್ಡಕ್ಕೆ ಮಾತ್ರ ಹಿಗ್ಗುತ್ತದೆ. ಕೈಯಲ್ಲಿ ಹಿಡಿದು ಉದ್ದಕ್ಕೂ ಎಳೆದು ನೋಡಿ.

ಅಳತೆಯಲ್ಲಿ ನಿಮಗೆ ರೂಢಿ ಇಲ್ಲದ್ದು ಒಂದಿದೆ. ಹೆಗಲಿನಿಂದ ಟೇಪು ಇಳಿಸಿ, ಕಾಲ ಸಂದಿಯಲ್ಲಿ ಹಾಯಿಸಿ, ಬೆನ್ನಿನ ಮೇಲಿಂದ ಅದೇ ಹೆಗಲಿಗೆ ತನ್ನಿ. ಇಡೀ ಉಡುಪು ನಿಲ್ಲುವುದು ಆ ಒಂದು ಸುತ್ತಳತೆಯ ಮೇಲೆ. ಗಿಡ್ಡವಾದರೆ ಹೆಗಲು ಕಚ್ಚುತ್ತದೆ, ಉದ್ದವಾದರೆ ಹೊಟ್ಟೆಯ ಹತ್ತಿರ ಸುಕ್ಕು. ಹೊಲಿಗೆಗೆ ಬಾಲ್‌ಪಾಯಿಂಟ್ ಸೂಜಿ, ಜಿಗ್‌ಜಾಗ್ ಅಥವಾ ಓವರ್‌ಲಾಕ್. ನೇರ ಹೊಲಿಗೆ ಹಾಕಿದರೆ ಬಟ್ಟೆ ಹಿಗ್ಗಿದಾಗ ನೂಲು ಟಪ್ಪೆಂದು ತುಂಡಾಗುತ್ತದೆ. ಸ್ಕರ್ಟನ್ನು ಸೊಂಟದಲ್ಲಿ ನೆರಿಗೆ ಹಿಡಿದು ಕೂರಿಸಬೇಡಿ. ವೃತ್ತಾಕಾರದಲ್ಲಿ ಕತ್ತರಿಸಿ, ಸೊಂಟಕ್ಕಿಂತ ಸ್ವಲ್ಪ ಕೆಳಗೆ ಜೋಡಿಸಿ. ಸುತ್ತುವಾಗ ಅದು ತಾನಾಗಿ ಅರಳುತ್ತದೆ.

ಈಗ ಹುಕ್ಕಿನ ವಿಷಯ. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನ ಐಸ್ ಡ್ಯಾನ್ಸ್‌ನಲ್ಲಿ ಫ್ರಾನ್ಸಿನ ಗೇಬ್ರಿಯೆಲಾ ಪಪಡಾಕಿಸ್ ಅವರ ಕೊರಳ ಹಿಂದಿನ ಹುಕ್ಕು ಶುರುವಿನಲ್ಲೇ ಬಿಚ್ಚಿಕೊಂಡಿತು. ಜಗತ್ತೆಲ್ಲ ನೋಡುತ್ತಿರುವಾಗ ಆ ಹೆಣ್ಣುಮಗಳು ನಿಲ್ಲಿಸದೆ ಇಡೀ ನೃತ್ಯ ಮುಗಿಸಿದರು. ಒಟ್ಟು ಲೆಕ್ಕದಲ್ಲಿ ಅವರ ಜೋಡಿಗೆ ಚಿನ್ನ ತಪ್ಪಿದ್ದು 0.79 ಅಂಕದಿಂದ. ಅದೇ ಒಲಿಂಪಿಕ್ಸ್‌ನ ತಂಡ ಸ್ಪರ್ಧೆಯಲ್ಲಿ ದಕ್ಷಿಣ ಕೊರಿಯಾದ ಯೂರಾ ಮಿನ್ ಅವರಿಗೂ ಹೀಗೇ ಆಗಿತ್ತು. ಎರಡೂ ಒಲಿಂಪಿಕ್ಸ್‌ಗೆಂದೇ ತಯಾರಾದ ಉಡುಪು! ಹಾಗಾಗಿ ಕೊರಳಿಗೆ ಒಂದೇ ಹುಕ್ಕು ಕೊಟ್ಟು ಕಳಿಸಬೇಡಿ. ಎರಡು ಹುಕ್ಕು, ಒಂದು ಮೇಲ್ಮುಖ, ಒಂದು ಕೆಳಮುಖ. ಅದರ ಮೇಲೆ ಪಟ್ಟಿ, ಪಟ್ಟಿಗೆ ಪ್ರೆಸ್ ಬಟನ್ನು. ಸ್ಪರ್ಧೆಯ ದಿನ ಮಗು ಉಡುಪು ಹಾಕಿದ ಮೇಲೆ ಅದೇ ಜಾಗಕ್ಕೆ ಸೂಜಿಯಲ್ಲಿ ನಾಲ್ಕು ಹೊಲಿಗೆ ಹಾಕಲು ತಾಯಿಗೆ ಹೇಳಿಕೊಡಿ. ಆಟ ಮುಗಿದ ಮೇಲೆ ಕತ್ತರಿಸಿದರಾಯಿತು.

ಟ್ರಯಲ್ ನೋಡುವಾಗ ಮಗುವನ್ನು ಕನ್ನಡಿಯ ಮುಂದೆ ನಿಲ್ಲಿಸಿ ಸಮಾಧಾನಪಟ್ಟುಕೊಳ್ಳಬೇಡಿ. ಕೈ ಎರಡೂ ಮೇಲೆತ್ತಿಸಿ, ಕುಕ್ಕರಿಸಿ, ಬೆನ್ನು ಬಗ್ಗಿಸಿ, ಕಡೆಗೆ ನೆಲದಲ್ಲಿ ಒಮ್ಮೆ ಹೊರಳಿಸಿ. ಅಷ್ಟಾದ ಮೇಲೂ ಎಲ್ಲ ಅದರದರ ಜಾಗದಲ್ಲಿದ್ದರೆ ಬಿಲ್ ಬರೆಯಿರಿ.

ನನ್ನ ಮಗ 'ಕಾಂತಾರ'ದ ವರಾಹರೂಪಂ ಹಾಡಿಗೆ ಸ್ಕೇಟಿಂಗ್ ಕಲಿಯುತ್ತಿದ್ದಾನೆ. ದೈವದ ಹಾಗೆ ಮುಖಕ್ಕೆ ಹಳದಿ, ಹಿಂದೆ ಸಣ್ಣ ಅಣಿ, ಸೊಂಟಕ್ಕೆ ತೆಂಗಿನ ಸಿರಿಯಂಥದ್ದು ಹಾಕಿಸಿದರೆ ಒಳ್ಳೆ ಎಫೆಕ್ಟ್ ಬರುತ್ತದೆ ಅಂತ ಕೆಲವರ ಸಲಹೆ. ನೀವೇನು ಹೇಳುತ್ತೀರಿ? — ಒಬ್ಬ ತಂದೆ, ಸುರತ್ಕಲ್

ಬೇಡ.

ನಿಯಮದ ಮಾತು ಮೊದಲು ಮುಗಿಸುತ್ತೇನೆ, ಅದು ಸುಲಭ. ಬೆನ್ನಿಗೆ ಕಟ್ಟುವ ಅಣಿ ಪರಿಕರದ ಲೆಕ್ಕಕ್ಕೆ ಹೋಗುತ್ತದೆ, ಸಿಂಗಲ್ಸ್‌ನಲ್ಲಿ ಪರಿಕರ ಇಲ್ಲ. ಸಿರಿಯ ಒಂದು ಎಳೆ ನೆಲಕ್ಕೆ ಬಿದ್ದರೂ ಅಂಕ ಹೋಗುತ್ತದೆ, ಅದರ ಮೇಲೆ ಚಕ್ರ ಹತ್ತಿದರೆ ಹುಡುಗನೂ ಬೀಳುತ್ತಾನೆ.

ನಿಯಮ ಬಿಟ್ಟಿದ್ದರೂ ನನ್ನ ಉತ್ತರ ಅದೇ ಆಗುತ್ತಿತ್ತು. ನೀವು ಸುರತ್ಕಲ್ಲಿನವರು, ನಿಮಗೆ ದೈವದ ನೇಮ ಅಂದರೇನೆಂದು ನಾನು ಹೇಳಬೇಕಾಗಿಲ್ಲ. ದೈವ ಕಟ್ಟುವ ಪಂಬದರೋ ಪರವರೋ ನಲಿಕೆಯವರೋ ವಿಧಿಯಂತೆ ಎಣ್ಣೆಬೂಳ್ಯ ತೆಗೆದುಕೊಂಡ ಮೇಲೆ ಮುಖಕ್ಕೆ ಬಣ್ಣ ಹಚ್ಚುವುದು. ಆ ಬಣ್ಣ, ಅಣಿ, ಕಾಲಿನ ಗಗ್ಗರ ಯಾವುದೂ ಅಲಂಕಾರಕ್ಕೆ ಹಾಕಿದ್ದಲ್ಲ, ಆರಾಧನೆಯ ಅಂಗ. 2022ರಲ್ಲಿ 'ಕಾಂತಾರ' ಬಂದಲ್ಲಿಂದ ಶಾಲೆಯ ಫ್ಯಾನ್ಸಿ ಡ್ರೆಸ್ಸಿನಿಂದ ಹಿಡಿದು ಮದುವೆಯ ರಿಸೆಪ್ಶನ್ನಿನವರೆಗೆ ಈ ವೇಷ ಕಟ್ಟಿದವರಿದ್ದಾರೆ, ಅದಕ್ಕೆ ತುಳುನಾಡಿನಲ್ಲಿ ಬೇಸರಪಟ್ಟವರೂ ಇದ್ದಾರೆ. 2025ರಲ್ಲಿ ಮುಂದಿನ ಚಿತ್ರ ಬಂದಾಗ ಥಿಯೇಟರಿಗೇ ಕೆಲವರು ಹಾಗೆ ಬಂದರು, ದೈವದ ಅನುಕರಣೆ ಮಾಡಬೇಡಿ ಎಂದು ಚಿತ್ರ ಮಾಡಿದವರೇ ಮನವಿ ಮಾಡಬೇಕಾಯಿತು.

ಸ್ಕೇಟಿಂಗಿನ ಲೋಕ ಈ ಪಾಠವನ್ನು ಮೊದಲೇ ಕಲಿತಿದೆ. 2009-10ರ ಋತುವಿನಲ್ಲಿ ಐಸ್ ಡ್ಯಾನ್ಸ್ ಜೋಡಿಗಳಿಗೆ ಜಾನಪದ ನೃತ್ಯ ಎಂಬ ವಿಷಯ ಕೊಟ್ಟಿದ್ದರು. ರಷ್ಯಾದ ಡೊಮ್ನಿನಾ ಮತ್ತು ಶಬಾಲಿನ್ ಆಸ್ಟ್ರೇಲಿಯಾದ ಮೂಲನಿವಾಸಿಗಳ ನೃತ್ಯ ಎಂದು ಕಂದು ಬಣ್ಣದ ಮೈಗಂಟಿದ ಉಡುಪು ತೊಟ್ಟು, ಅದರ ಮೇಲೆ ಬಿಳಿ ಗೆರೆ ಬರೆದುಕೊಂಡು, ಕೆಂಪು ಲಂಗೋಟಿ, ಎಲೆ ಕಟ್ಟಿಕೊಂಡು ಬಂದರು. ಆಸ್ಟ್ರೇಲಿಯಾದ ಮೂಲನಿವಾಸಿ ಮುಖಂಡರು ಸಿಟ್ಟಾದರು. ವ್ಯಾಂಕೂವರ್ ಒಲಿಂಪಿಕ್ಸ್ ಹೊತ್ತಿಗೆ ಆ ಉಡುಪನ್ನು ತಿಳಿಯಾಗಿಸಿದರೂ ಮುಜುಗರ ಹೋಗಲಿಲ್ಲ. ಅವರ ಉದ್ದೇಶ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಯಾರದನ್ನು ತೊಟ್ಟಿದ್ದರೋ ಅವರನ್ನು ಕೇಳಿರಲಿಲ್ಲ, ಅಷ್ಟೆ.

ಮಗನಿಗೆ ಊರಿನದೇ ಏನಾದರೂ ಬೇಕೆಂದಿದ್ದರೆ ಹುಲಿ ಇದೆಯಲ್ಲ! ಪಿಲಿವೇಷಕ್ಕೂ ಹರಕೆ ಉಂಟು, ಆದರೆ ಅದು ದಸರೆಯಲ್ಲಿ ಬೀದಿಗೆ ಬಂದ ಕುಣಿತ, ಅದಕ್ಕೆ ವರ್ಷವೂ ಊರ ತುಂಬ ಸ್ಪರ್ಧೆಗಳು ನಡೆಯುತ್ತವೆ. ತಾಸೆಯ ಪೆಟ್ಟಿಗೆ ಚಕ್ರದ ಹೆಜ್ಜೆ ಬಹಳ ಚೆನ್ನಾಗಿ ಹೊಂದುತ್ತದೆ. ಉಡುಪಿಗೆ ಕಷ್ಟವೂ ಇಲ್ಲ, ಮೈಗಂಟಿದ ಹಳದಿ ಅಂಗಿ ಪ್ಯಾಂಟಿನ ಮೇಲೆ ಕಪ್ಪು ಪಟ್ಟೆ. ಕಬಡ್ಡಿ, ಕ್ರಿಕೆಟ್ ತಂಡಗಳಿಗೆ ಜೆರ್ಸಿ ಪ್ರಿಂಟ್ ಮಾಡುವ ಅಂಗಡಿಯವರೇ ಇದನ್ನು ಮಾಡಿಕೊಡುತ್ತಾರೆ. ಬಟ್ಟೆ ಪಾಲಿಯೆಸ್ಟರ್ ಲೈಕ್ರಾ ಆಗಿರಲಿ, ನೈಲಾನಿಗೆ ಆ ಪ್ರಿಂಟ್ ಹಿಡಿಯುವುದಿಲ್ಲ. ಕೈಯಲ್ಲೇ ಬರೆಸುವುದಾದರೆ ಬಟ್ಟೆಯನ್ನು ಚೆನ್ನಾಗಿ ಎಳೆದು ಹಲಗೆಗೆ ಬಿಗಿದು ಬರೆಸಿ. ಮಡಿಸಿಟ್ಟ ಬಟ್ಟೆಯ ಮೇಲೆ ಬರೆದ ಪಟ್ಟೆ ಮಗು ತೊಟ್ಟ ಕೂಡಲೇ ಬಿರಿಯುತ್ತದೆ. ಪಟ್ಟೆಗಳು ಪಕ್ಕೆಯಿಂದ ಹೊಟ್ಟೆಗೆ ಓರೆಯಾಗಿ ಬಂದರೆ ಸುತ್ತುವಾಗ ಹುಲಿಯ ಮೈ ತಿರುಗಿದ ಹಾಗೇ ಕಾಣುತ್ತದೆ. ಮುಖವಾಡ, ಬಾಲ ಎರಡೂ ಬೇಡ.

ನಾವು ಕಿನ್ನಿಗೋಳಿ ಕಡೆಯವರು, ಈಗ ಕೆನಡಾದ ಬ್ರಾಂಪ್ಟನ್‌ನಲ್ಲಿದ್ದೇವೆ. ಮಗಳು ಮಂಜಿನ ಮೇಲೆ ಫಿಗರ್ ಸ್ಕೇಟಿಂಗ್ ಮಾಡುತ್ತಾಳೆ. ಅವಳ ಅಜ್ಜ ಮೇಳದಲ್ಲಿ ಪುಂಡುವೇಷ ಮಾಡಿದವರು. ಯಕ್ಷಗಾನದ ವೇಷವನ್ನು ಉಡುಪಿಗೆ ತರಬಹುದೇ? — ಒಬ್ಬ ತಾಯಿ

ಕುಣಿದು ಹಾರುವ ಪುಂಡುವೇಷದ ಮೊಮ್ಮಗಳು ಅಂದ ಮೇಲೆ ಅರ್ಧ ಕೆಲಸ ರಕ್ತದಲ್ಲೇ ಆಗಿದೆ. ತೆಂಕುತಿಟ್ಟಿನ ಧೀಂಗಿಣ ನೋಡಿದವರಿಗೆ ಸ್ಕೇಟಿಂಗಿನ ಜಂಪು ಹೊಸದಾಗಿ ಕಾಣುವುದಿಲ್ಲ, ಗಿರ್ಕಿಯಂತೂ ಸ್ಪಿನ್ನೇ.

ಆದರೆ ವೇಷವನ್ನು ಇದ್ದ ಹಾಗೆ ತರಲು ಆಗದು. ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟದ ನಿಯಮ ಹೇಳುವುದು ಉಡುಪು ಸಭ್ಯವಾಗಿರಲಿ, ಕ್ರೀಡೆಗೆ ತಕ್ಕುದಾಗಿರಲಿ, ನಾಟಕದ ವೇಷದಂತೆ ಇರದಿರಲಿ, ಹಾಡಿನ ಗುಣವನ್ನು ಮಾತ್ರ ಅದು ತೋರಿಸಬಹುದು ಎಂದು. ನಿಯಮ ಮೀರಿದರೆ 1 ಅಂಕ ಕಳೆಯುತ್ತಾರೆ, ಉಡುಪಿನ ತುಂಡು ಮಂಜಿನ ಮೇಲೆ ಬಿದ್ದರೂ 1 ಅಂಕ. ಕಿರೀಟ, ಭುಜಕೀರ್ತಿ ಅಲ್ಲಿಗೇ ಮುಗಿಯಿತು. ಭಾರವೂ ಒಂದು ತೊಡಕು. ಜಂಪಿನಲ್ಲಿ ಗಾಳಿಯಲ್ಲಿರುವುದು ಒಂದು ಸೆಕೆಂಡಿಗೂ ಕಡಿಮೆ, ಅಷ್ಟರೊಳಗೆ ಮೈಯನ್ನು ಮುದುಡಿ ಸುತ್ತು ಮುಗಿಸಬೇಕು. ಮೈಯಿಂದ ದೂರ ನಿಲ್ಲುವ ಪ್ರತಿಯೊಂದು ಗ್ರಾಮೂ ಆ ಸುತ್ತನ್ನು ನಿಧಾನ ಮಾಡುತ್ತದೆ.

ದಾರಿ ತೋರಿಸಿದವರು ಜಪಾನಿನವರು. ಯುಜುರು ಹಾನ್ಯು 2018ರಲ್ಲಿ ಎರಡನೇ ಸಲ ಒಲಿಂಪಿಕ್ ಚಿನ್ನ ಗೆದ್ದದ್ದು 'ಸೇಯ್‌ಮೇಯ್' ಎಂಬ ಕಾರ್ಯಕ್ರಮದಿಂದ. ಸಾವಿರ ವರ್ಷ ಹಿಂದಿನ ಒಬ್ಬ ಮಾಂತ್ರಿಕನ ಪಾತ್ರ ಅದು. ಆ ಕಾಲದ ಆಸ್ಥಾನದವರ ನಿಲುವಂಗಿಯಿಂದ ತೋಳಿನ ಅಗಲ, ಕೊರಳಿನ ಕಟ್ಟು, ದಾರದ ಅಲಂಕಾರ ಇಷ್ಟನ್ನು ಆರಿಸಿಕೊಂಡು ಉಳಿದದ್ದನ್ನೆಲ್ಲ ಹಗುರ ಬಟ್ಟೆಯಲ್ಲಿ ಕರಗಿಸಿದ್ದರು. ನಮ್ಮ ಸಂಗೀತಕ್ಕೂ ಇಂಥ ಉದಾಹರಣೆ ಇದೆ. ನಾನು ಮೇಲೆ ಹೇಳಿದ ಅದೇ ಜಾನಪದ ಋತುವಿನಲ್ಲಿ ಅಮೆರಿಕದ ಮೆರಿಲ್ ಡೇವಿಸ್ ಮತ್ತು ಚಾರ್ಲಿ ವೈಟ್ 'ಕಜರಾ ರೇ', 'ಡೋಲಾ ರೇ' ಹಾಡುಗಳಿಗೆ ಕುಣಿದು ವ್ಯಾಂಕೂವರ್‌ನಲ್ಲಿ ಬೆಳ್ಳಿ ಗೆದ್ದರು. ಬಿಂದಿ, ಸೆರಗಿನ ಗೆರೆ ಎಲ್ಲ ಇತ್ತು. ಕೈಯ ಮುದ್ರೆ, ಕಣ್ಣಿನ ಆಟವನ್ನು ತಿಳಿದವರ ಬಳಿ ಕಲಿತು ಬಂದಿದ್ದರು. ಒಂದೇ ವಿಷಯಕ್ಕೆ ಒಂದು ಜೋಡಿಗೆ ಚಪ್ಪಾಳೆ, ಇನ್ನೊಂದಕ್ಕೆ ಛೀಮಾರಿ.

ಅಜ್ಜನ ವೇಷದಿಂದ ಏನನ್ನು ಆರಿಸುವುದು? ನನ್ನನ್ನು ಕೇಳಿದರೆ ಎದೆಕಟ್ಟಿನ ಆಕಾರ. ಅದನ್ನು ಮರದಲ್ಲಿ ಮಾಡದೆ ಚಿನ್ನದ ಬಣ್ಣದ ಫಾಯಿಲ್ ಲೈಕ್ರಾದಲ್ಲಿ ಕತ್ತರಿಸಿ ಉಡುಪಿನ ಮೇಲೇ ಹೊಲಿಯಿಸಿ. ಕೆಂಪು, ಕಪ್ಪು, ಹಸಿರು ಮೂರು ಬಣ್ಣಕ್ಕಿಂತ ಹೆಚ್ಚು ಬೇಡ. ಮುಖಕ್ಕೆ ವೇಷದ ಬಣ್ಣ ಬೇಡ, ಹುಬ್ಬಿನ ಗೆರೆ ಸ್ವಲ್ಪ ಉದ್ದ ಎಳೆದರೆ ಸಾಕು, ಗೊತ್ತಿದ್ದವರಿಗೆ ಗೊತ್ತಾಗುತ್ತದೆ. ಉಡುಪಿನ ಚಿತ್ರ ಬರೆದು ಅಜ್ಜನಿಗೆ ವಾಟ್ಸಾಪಿನಲ್ಲಿ ಕಳಿಸಿ. ನನಗಿಂತ ಖಾರವಾದ ತೀರ್ಪುಗಾರರು ಅವರು.

ಒಂದು ಉಡುಪಿಗೆ ಇಷ್ಟೆಲ್ಲ ಖರ್ಚು ಯಾಕೆ? ಸ್ಟೋನ್ ಹೆಚ್ಚಿದ್ದರೆ ಅಂಕ ಹೆಚ್ಚೇ? — ಒಬ್ಬ ತಂದೆ, ಕಂಕನಾಡಿ

ಸ್ಟೋನಿಗೆ ಅಂಕದ ಕಾಲಮ್ಮೇ ಇಲ್ಲ.

1994ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ನ್ಯಾನ್ಸಿ ಕೆರಿಗನ್ ತೊಟ್ಟ ಉಡುಪನ್ನು ವಿನ್ಯಾಸಕಿ ವೆರಾ ವಾಂಗ್ ಮಾಡಿದ್ದರು, ಹನ್ನೊಂದು ಸಾವಿರಕ್ಕೂ ಮೀರಿ ಹರಳು, ಬೆಲೆ ಸುಮಾರು 13,000 ಡಾಲರ್ ಎಂದು ಆಗಿನ ವರದಿಗಳು. ಬಂದದ್ದು ಬೆಳ್ಳಿ. 1968ರ ಗ್ರೆನೋಬಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದವಳೇ ಆದ ಪೆಗಿ ಫ್ಲೆಮಿಂಗ್ ಚಿನ್ನ ಗೆದ್ದ ತಿಳಿಹಸಿರು ಉಡುಪನ್ನು ಹೊಲಿದವರು ಅವಳ ಅಮ್ಮ, ಮೇಲೆ ಹೇಳಿಕೊಳ್ಳುವಂಥ ಹೊಳಪೇನೂ ಇರಲಿಲ್ಲ. ಇದರಿಂದ ಸ್ಟೋನ್ ಬೇಡ ಎಂದು ಅರ್ಥವಲ್ಲ. ದೂರದಿಂದ ನೋಡುವವರಿಗೆ ಮೈಯ ಗೆರೆ ಎದ್ದು ಕಾಣಲು ಅವು ಸಹಾಯ ಮಾಡುತ್ತವೆ. ಕೊರಳು, ಹೆಗಲು, ತೋಳಿನ ತುದಿ ಇಲ್ಲಿ ಹಾಕಿಸಿ. ಬೆನ್ನಿನ ಕೆಳಗೆ, ಸೊಂಟದ ಪಕ್ಕದಲ್ಲಿ ಬೇಡ, ಬೀಳುವುದು ಅದರ ಮೇಲೇ. ಹಾಕಿಸಿದ ಮೇಲೆ ಪ್ರತಿಯೊಂದನ್ನೂ ಉಗುರಿನಲ್ಲಿ ಎಬ್ಬಿಸಿ ನೋಡಿ. ಉಗುರಿಗೆ ಏಳುವ ಸ್ಟೋನ್ ರಿಂಕಿನಲ್ಲಿ ಖಂಡಿತ ಬೀಳುತ್ತದೆ, ಇನ್ನೊಂದು ಮಗುವಿನ ಚಕ್ರದಡಿಗೆ ಹೋಗುತ್ತದೆ. ಬೆಳೆಯುವ ಮಕ್ಕಳಿಗೆ ವರ್ಷಕ್ಕೊಂದು ಉಡುಪು ಹೊಲಿಸುವ ಬದಲು ಕ್ಲಬ್ಬಿನ ದೊಡ್ಡ ಮಕ್ಕಳದ್ದನ್ನು ಕೊಂಡು ಸ್ಕರ್ಟ್ ಬದಲಿಸಿದರೆ ಯಾರಿಗೂ ಗುರುತು ಸಿಗುವುದಿಲ್ಲ.

ತೋಳಿಗೆ ಹಾಕುವ ಸ್ಕಿನ್ ಕಲರ್ ನೆಟ್ ನನ್ನ ಕೈಯ ಮೇಲೆ ಬೆಳ್ಳಗೆ ಕಾಣುತ್ತದೆ. ಬೇರೆ ಸಿಗುವುದಿಲ್ಲ ಎನ್ನುತ್ತಾರೆ. — ಒಂಬತ್ತನೇ ತರಗತಿಯ ಹುಡುಗಿ, ಉಳ್ಳಾಲ

ಆ ಸ್ಕಿನ್ ಯಾರದೋ, ನಮ್ಮದಂತೂ ಅಲ್ಲ. ಫ್ಯಾನ್ಸಿ ಅಂಗಡಿಯಿಂದ ನೈಲಾನ್ ನೆಟ್ಟನ್ನೇ ಕೇಳಿ ತೆಗೆದುಕೋ. ಪಾಲಿಯೆಸ್ಟರಿಗೆ ಬಣ್ಣ ಕೂರುವುದಿಲ್ಲ. ಹಾಲು ಹಾಕದ ಕಡು ಚಹಾ ಮಾಡಿ ಸೋಸಿ, ಒಂದೆರಡು ಚಮಚ ವಿನೆಗರ್ ಸೇರಿಸಿ, ಬಿಸಿಯಿರುವಾಗಲೇ ನೆಟ್ಟಿನ ಸಣ್ಣ ತುಂಡೊಂದನ್ನು ಮುಳುಗಿಸು. ಐದೈದು ನಿಮಿಷಕ್ಕೊಮ್ಮೆ ತೆಗೆದು, ಒಣಗಿಸಿ, ಕೈಯ ಮೇಲಿಟ್ಟು ಹಗಲಿನ ಬೆಳಕಲ್ಲಿ ನೋಡು. ಒದ್ದೆಯಲ್ಲಿ ಬಣ್ಣ ಕಡುವಾಗಿ ಕಾಣುತ್ತದೆ, ಮೋಸಹೋಗಬೇಡ. ಎಷ್ಟು ಹೊತ್ತು ಎಂದು ಗೊತ್ತಾದ ಮೇಲೆ ಪೂರ್ತಿ ಬಟ್ಟೆ ಹಾಕು. ಎಲ್ಲ ಹೊಲಿಯುವ ಮೊದಲೇ ಆಗಬೇಕು.

ಮಳೆಗಾಲದಲ್ಲಿ ಉಡುಪೆಲ್ಲ ಬೂಷ್ಟು ಹಿಡಿಯುತ್ತದೆ, ಸ್ಟೋನ್ ಉದುರುತ್ತದೆ. ಏನು ಮಾಡಲಿ? — ಗೃಹಿಣಿ, ಕುಲಶೇಖರ

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಇದು ಎಲ್ಲರ ಗೋಳು. ಬೆವರಿದ ಉಡುಪನ್ನು ಸ್ಕೇಟಿನ ಚೀಲದೊಳಗೆ ತುರುಕಿ ಮನೆಗೆ ತರುವುದರಿಂದಲೇ ಬೂಷ್ಟು ಶುರು. ಆ ದಿನವೇ ಒಳಮೈ ಹೊರಗೆ ಮಾಡಿ, ತಣ್ಣೀರಲ್ಲಿ ಕೈಯಲ್ಲೇ ಜಾಲಾಡಿ, ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ಫ್ಯಾನಿನ ಕೆಳಗೆ ಹಾಸಿ. ಹ್ಯಾಂಗರಿಗೆ ಹಾಕಿದರೆ ನೀರಿನ ಭಾರಕ್ಕೆ ಲೈಕ್ರಾ ಜೋಲುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಹಳೆ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿಡಿ, ಸಿಲಿಕಾ ಜೆಲ್ ಪೊಟ್ಟಣ ಎರಡು ಜೊತೆಗಿರಲಿ. ಜಿಪ್ಪಿಗೆ ಮೇಣದಬತ್ತಿ ಉಜ್ಜಿ. ಉದುರಿದ ಸ್ಟೋನ್‌ಗಳನ್ನು ಮಳೆಗಾಲದಲ್ಲಿ ಅಂಟಿಸಲು ಹೋಗಬೇಡಿ, ತೇವಕ್ಕೆ ಗಮ್ಮು ಸರಿಯಾಗಿ ಕೂರುವುದಿಲ್ಲ. ಡಬ್ಬಿಯಲ್ಲಿ ಹಾಕಿಟ್ಟು ಅಕ್ಟೋಬರಿನ ಬಿಸಿಲು ಬಂದ ಮೇಲೆ ಅಂಟಿಸಿ, ಒಂದು ದಿನ ಮುಟ್ಟದೆ ಬಿಡಿ.